ಬಿಸಿಲಿನ ಸವಾರಿಗೆ ಇನ್ಸುಲೇಟೆಡ್ ಬಾಟಲಿ: ತಂಪಿಗಿಂತ ವಾಲ್ವ್ ಮುಖ್ಯ

ಬೇಸಿಗೆಯ ಸೈಕಲ್ ಸವಾರಿಗೆಂದೇ ಮಾರಾಟವಾಗುವ ಇನ್ಸುಲೇಟೆಡ್ ಬಾಟಲಿ ಮೇಲ್ನೋಟಕ್ಕೆ ಬಹಳ ಸರಳವಾದ ವಸ್ತು. ಮೃದುವಾದ ಪ್ಲಾಸ್ಟಿಕ್ಕಿನ ಎರಡು ಗೋಡೆಗಳು, ಅವುಗಳ ನಡುವೆ ಬರೀ ಗಾಳಿ ಅಥವಾ ತೆಳುವಾದ ಫೋಮ್ ಇಲ್ಲವೇ ಹೊಳೆಯುವ ಬೆಳ್ಳಿ ಬಣ್ಣದ ಹಾಳೆ, ಮೇಲೊಂದು ತಿರುಪಿನ ಮುಚ್ಚಳ, ಮುಚ್ಚಳದ ತುದಿಯಲ್ಲಿ ಸಿಲಿಕೋನಿನ ವಾಲ್ವ್, ಇಷ್ಟೇ ಇದರ ರಚನೆ. ಸಾದಾ ಬಾಟಲಿಗೆ ಹೋಲಿಸಿದರೆ ಬೆಲೆ ಹೆಚ್ಚು, ತೂಕ ತುಸು ಹೆಚ್ಚು, ಹಿಡಿಯುವ ನೀರು ಮಾತ್ರ ಕಡಿಮೆ. ಇದನ್ನು ಸಾದಾ ಬಾಟಲಿ, ಸ್ಟೀಲಿನ ವ್ಯಾಕ್ಯೂಮ್ ಬಾಟಲಿ ಮತ್ತು ಬೆನ್ನಿಗೆ ಹಾಕಿಕೊಳ್ಳುವ ನೀರಿನ ಚೀಲದ ಜೊತೆಗಿಟ್ಟು ಸುಡುಬಿಸಿಲಿನಲ್ಲಿ ಬಳಸಿ ನೋಡಿದ ಮೇಲೆ ನಾನು ಕೊಡುವ ತೀರ್ಪು ಇದು: ಒಂದನ್ನು ಖಂಡಿತ ಕೊಳ್ಳಬಹುದು, ಆದರೆ ಜಾಹೀರಾತು ಹೇಳುವ ಕಾರಣಕ್ಕಾಗಿ ಅಲ್ಲ. ಇದು ಯಾವುದೇ ಒಂದು ಕಂಪನಿಯ ಬಾಟಲಿಯ ವಿಮರ್ಶೆಯಲ್ಲ. ಈ ಬಗೆಯ ಬಾಟಲಿಗಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ವರ್ತಿಸುವುದರಿಂದ ಹೆಸರಿನ ಅಗತ್ಯವೂ ಇಲ್ಲ.

ಮೊದಲು ತಂಪಿನ ವಿಚಾರವನ್ನೇ ನೋಡೋಣ. ನೀರನ್ನು ಎರಡು ಪಟ್ಟು ಹೊತ್ತು ತಂಪಾಗಿಡುತ್ತದೆ ಎಂಬ ಮಾತು ಇಂಥ ಬಾಟಲಿಗಳ ಪೊಟ್ಟಣದ ಮೇಲೆ ಸಾಮಾನ್ಯವಾಗಿ ಕಾಣಸಿಗುತ್ತದೆ. ಆ ಮಾತು ಸುಳ್ಳಲ್ಲ. ಆದರೆ ಯಾವುದರ ಎರಡು ಪಟ್ಟು ಎಂದು ಕೇಳಿಕೊಳ್ಳಬೇಕು. ಒಂದೇ ಗೋಡೆಯ ಸಾದಾ ಬಾಟಲಿಯಲ್ಲಿ ಫ್ರಿಜ್ಜಿನ ನೀರು ತುಂಬಿಸಿಕೊಂಡು ಹೊರಟರೆ, ನೆತ್ತಿಯ ಮೇಲೆ ಸೂರ್ಯನಿರುವ ಹೊತ್ತಿನಲ್ಲಿ ಅದರ ತಂಪು ಅರ್ಧ ಗಂಟೆ ದಾಟುವುದೇ ಕಷ್ಟ. ಅದರ ಎರಡು ಪಟ್ಟು ಎಂದರೆ ಒಂದು ಗಂಟೆಯ ಆಸುಪಾಸು. ಜೊತೆಗೆ ಒಂದಿಷ್ಟು ಐಸ್ ತುಂಡುಗಳನ್ನು ಹಾಕಿಕೊಂಡರೆ ಈ ಅವಧಿ ಇನ್ನಷ್ಟು ಹಿಗ್ಗುತ್ತದೆ. ಮಂಜುಗಡ್ಡೆ ಕರಗುವಾಗ ಕಿಲೋಗ್ರಾಮಿಗೆ 334 ಕಿಲೋಜೂಲ್ ಶಾಖವನ್ನು ಹೀರಿಕೊಳ್ಳುವುದರಿಂದ, ಹಿಡಿಯಷ್ಟು ಐಸ್ ಮಾಡುವ ಕೆಲಸವನ್ನು ಎರಡನೆಯ ಗೋಡೆ ಒಂದರಿಂದಲೇ ಪಡೆಯಲಾಗದು. ಎರಡೂ ಒಟ್ಟಿಗೆ ಇದ್ದಾಗ ಮಾತ್ರ ಈ ಬಾಟಲಿಯ ನಿಜವಾದ ಉಪಯೋಗ ಕಾಣುತ್ತದೆ. ಒಂದು ಗಂಟೆಯೊಳಗೆ ಮನೆಗೆ ಮರಳುವವರಿಗೆ ಇದು ಸಾಕು. ಇಡೀ ದಿನದ ಸವಾರಿಗೆ ಹೊರಟವರು ಮೊದಲ ಬಾಟಲಿ ಮುಗಿದು ದಾರಿಯಲ್ಲಿ ಸಿಕ್ಕ ಬೆಚ್ಚಗಿನ ನೀರನ್ನು ತುಂಬಿಸಿಕೊಂಡ ಕ್ಷಣದಿಂದ ಎರಡು ಗೋಡೆಯ ಭಾರವನ್ನು ಹೊರುತ್ತಾರೆಯೇ ಹೊರತು ಅದರ ಫಲವನ್ನು ಪಡೆಯುವುದಿಲ್ಲ.

ಇಷ್ಟಕ್ಕೂ ಕುಡಿದ ನೀರಿನ ತಂಪು ದೇಹವನ್ನು ಎಷ್ಟು ತಣಿಸುತ್ತದೆ? ಈ ಲೆಕ್ಕವನ್ನು ಹಾಕದೆ ಬೇಸಿಗೆಯ ಬಾಟಲಿಯ ವಿಮರ್ಶೆ ಬರೆಯುವುದು ಅರ್ಥವಿಲ್ಲದ ಕೆಲಸ. ಸೈಕಲ್ ತುಳಿಯುವವನ ಸ್ನಾಯುಗಳು ಬಳಸುವ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಸುಮಾರು ಶೇ 20ರಿಂದ 25 ಮಾತ್ರ, ಉಳಿದುದೆಲ್ಲ ಶಾಖವಾಗಿ ಮೈಯಲ್ಲೇ ಉಳಿಯುತ್ತದೆ. ಹೀಗಾಗಿ ಪೆಡಲಿನ ಮೇಲೆ 150 ವ್ಯಾಟ್ ಹಾಕುತ್ತಿರುವ ಸಾಧಾರಣ ಸವಾರ 450ರಿಂದ 600 ವ್ಯಾಟಿನಷ್ಟು ಶಾಖವನ್ನು ಹೊರಹಾಕಲೇಬೇಕಾಗುತ್ತದೆ. ಗಾಳಿಯ ಉಷ್ಣತೆ ಚರ್ಮದ ಉಷ್ಣತೆಗಿಂತ, ಅಂದರೆ ಸುಮಾರು 35 ಡಿಗ್ರಿಗಿಂತ ಹೆಚ್ಚಾದ ದಿನ, ಬೀಸುವ ಗಾಳಿ ತಾನಾಗಿ ಮೈಯನ್ನು ತಣಿಸುವುದಿಲ್ಲ. ಬದಲಿಗೆ ಇನ್ನಷ್ಟು ಬಿಸಿಯನ್ನೇ ತರುತ್ತದೆ. ಆಗ ಉಳಿಯುವ ದಾರಿ ಬೆವರು ಆವಿಯಾಗುವುದೊಂದೇ. ಒಂದು ಲೀಟರ್ ಬೆವರು ಚರ್ಮದ ಮೇಲೆಯೇ ಪೂರ್ತಿ ಆವಿಯಾದರೆ ಸುಮಾರು 2400 ಕಿಲೋಜೂಲ್ ಶಾಖ ಹೋಗುತ್ತದೆ. ಒಂದು ಗಂಟೆಯಲ್ಲಿ ಹೀಗಾದರೆ ಅದು 650 ವ್ಯಾಟನ್ನೂ ಮೀರಿದ ತಣಿಸುವಿಕೆ. ಇದರ ಪಕ್ಕದಲ್ಲಿ ಬಾಟಲಿಯ ತಂಪನ್ನು ಇಟ್ಟು ನೋಡಿ. ಅರ್ಧ ಲೀಟರ್ ನೀರನ್ನು 30 ಡಿಗ್ರಿಯ ಬದಲು 5 ಡಿಗ್ರಿಯಲ್ಲಿ ಕುಡಿದರೆ ದೇಹಕ್ಕೆ ಸಿಗುವ ಹೆಚ್ಚುವರಿ ಲಾಭ ಸುಮಾರು 52 ಕಿಲೋಜೂಲ್. ಚರ್ಮದ ಮೇಲೆ 22 ಮಿಲಿಲೀಟರ್ ನೀರು ಆವಿಯಾದರೆ ಅಷ್ಟೇ ಶಾಖ ಹೋಗುತ್ತದೆ. 22 ಮಿಲಿಲೀಟರ್ ಎಂದರೆ ಹೆಚ್ಚುಕಡಿಮೆ ಒಂದು ಗುಟುಕು.

ಹಾಗಾದರೆ ತಣ್ಣನೆಯ ನೀರು ನಿಷ್ಪ್ರಯೋಜಕವೇ ಎಂದರೆ ಅಲ್ಲ. ಅದರ ಪ್ರಯೋಜನ ಇರುವುದು ಬೇರೆಡೆ. ಬೆಚ್ಚಗಾದ, ಪ್ಲಾಸ್ಟಿಕ್ ವಾಸನೆ ಹತ್ತಿದ ನೀರನ್ನು ಯಾರೂ ಇಷ್ಟಪಟ್ಟು ಕುಡಿಯುವುದಿಲ್ಲ. ಬಾಯಾರಿದ್ದರೂ ಎರಡು ಗುಟುಕು ಹೀರಿ ಬಾಟಲಿಯನ್ನು ಮತ್ತೆ ಕೇಜಿನೊಳಗೆ, ಅಂದರೆ ಫ್ರೇಮಿಗೆ ಬಿಗಿದ ಬಾಟಲಿ ಗೂಡಿನೊಳಗೆ, ತುರುಕಿಬಿಡುತ್ತಾರೆ. ನೀರು ತಂಪಾಗಿದ್ದರೆ ಕೈ ತಾನಾಗಿಯೇ ಬಾಟಲಿಯತ್ತ ಹೋಗುತ್ತದೆ, ಕುಡಿಯುವ ಪ್ರಮಾಣವೂ ಹೆಚ್ಚುತ್ತದೆ. ಬೇಸಿಗೆಯಲ್ಲಿ ಗಂಟೆಗೆ ಅರ್ಧ ಲೀಟರಿನಿಂದ ಎರಡು ಲೀಟರಿನವರೆಗೆ ಬೆವರು ಹರಿಸುವ ಸವಾರನಿಗೆ ಈ ಸಣ್ಣ ಪ್ರಚೋದನೆ ದೊಡ್ಡದೇ. ನಾನು ಇನ್ಸುಲೇಟೆಡ್ ಬಾಟಲಿಗೆ ಕೊಡುವ ಅಂಕಗಳೆಲ್ಲ ಈ ಕಾರಣಕ್ಕಾಗಿಯೇ. ಅದು ಮೈಯನ್ನು ತಣಿಸುವ ಯಂತ್ರವಲ್ಲ, ಕುಡಿಯುವ ಮನಸ್ಸನ್ನು ಉಳಿಸುವ ಸಾಧನ.

ಕುಡಿಯುವ ಮನಸ್ಸೇ ಮುಖ್ಯ ಎಂದ ಮೇಲೆ, ಕುಡಿಯುವುದು ಎಷ್ಟು ಸಲೀಸು ಎಂಬುದು ಬಾಟಲಿಯ ಅತಿ ದೊಡ್ಡ ಪರೀಕ್ಷೆಯಾಗುತ್ತದೆ. ಈ ಪರೀಕ್ಷೆಯಲ್ಲಿ ಎಲ್ಲವನ್ನೂ ನಿರ್ಧರಿಸುವುದು ವಾಲ್ವ್. ಹಳೆಯ ಬಗೆಯ ಮುಚ್ಚಳದಲ್ಲಿ ಒಂದು ಗಟ್ಟಿ ಮೂತಿ ಇರುತ್ತದೆ. ಅದನ್ನು ಹಲ್ಲಿನಿಂದ ಕಚ್ಚಿ ಮೇಲೆಳೆಯಬೇಕು, ಕುಡಿದು ಮುಗಿದ ಮೇಲೆ ಅಂಗೈಯಿಂದಲೋ ಗಲ್ಲದಿಂದಲೋ ಒತ್ತಿ ಮುಚ್ಚಬೇಕು. ಮುಚ್ಚಲು ಮರೆತರೆ ರಸ್ತೆಯ ಪ್ರತಿ ಕುಲುಕಾಟಕ್ಕೂ ನೀರು ಚಿಮ್ಮಿ ಫ್ರೇಮಿನ ಪಾಲಾಗುತ್ತದೆ. ಹೊಸ ಬಗೆಯ ವಾಲ್ವಿನಲ್ಲಿ ಸಿಲಿಕೋನಿನ ಪೊರೆಗೆ ಅಡ್ಡಡ್ಡ ಸೀಳು ಕೊಟ್ಟಿರುತ್ತಾರೆ. ಬಾಟಲಿಯನ್ನು ಹಿಂಡಿದಾಗ ಆ ಸೀಳು ಬಿರಿದು ನೀರು ಧಾರೆಯಾಗಿ ಬರುತ್ತದೆ, ಹಿಡಿತ ಸಡಿಲಿಸಿದೊಡನೆ ತಾನೇ ಮುಚ್ಚಿಕೊಳ್ಳುತ್ತದೆ. ತುಟಿ ತಾಗಿಸುವ ಅಗತ್ಯವಿಲ್ಲ. ಬಾಟಲಿಯನ್ನು ಬಾಯಿಯಿಂದ ನಾಲ್ಕು ಬೆರಳು ದೂರ ಹಿಡಿದು ಹಿಂಡಿದರೂ ಧಾರೆ ಗುರಿ ತಪ್ಪುವುದಿಲ್ಲ, ರಸ್ತೆಯ ಧೂಳು ಹಲ್ಲಿಗೆ ಬರುವುದಿಲ್ಲ. ಒಂದೇ ಕೈಯಲ್ಲಿ, ಕಣ್ಣು ರಸ್ತೆಯ ಮೇಲಿಟ್ಟು, ತುಳಿತ ನಿಲ್ಲಿಸದೆ ಕುಡಿಯಲು ಸಾಧ್ಯವಾಗುವುದು ಈ ವಾಲ್ವಿನಿಂದ. ಒಳ್ಳೆಯ ವಾಲ್ವಿನ ಸಾದಾ ಬಾಟಲಿ ಮತ್ತು ಕೆಟ್ಟ ವಾಲ್ವಿನ ಇನ್ಸುಲೇಟೆಡ್ ಬಾಟಲಿ ಎದುರಿಗಿದ್ದರೆ ನಾನು ಹಿಂದೆಮುಂದೆ ನೋಡದೆ ಸಾದಾ ಬಾಟಲಿಯನ್ನೇ ಆರಿಸಿಕೊಳ್ಳುತ್ತೇನೆ.

ಎರಡು ಗೋಡೆಯ ಬಾಟಲಿಗೆ ಇಲ್ಲೊಂದು ತೊಡಕಿದೆ. ಗೋಡೆ ಎರಡಾದ ಮೇಲೆ ಹಿಂಡಲು ಬೇಕಾದ ಬಲವೂ ಹೆಚ್ಚುತ್ತದೆ. ಅಗ್ಗದ ಮಾದರಿಗಳಲ್ಲಿ ಹೊರಗೋಡೆ ಎಷ್ಟು ಬಿರುಸಾಗಿರುತ್ತದೆಯೆಂದರೆ, ಬೆವರಿದ ಅಂಗೈಯಲ್ಲಿ ಅದನ್ನು ಹಿಂಡುವ ಹೊತ್ತಿಗೆ ಬಾಟಲಿಯೇ ಜಾರುತ್ತದೆ. ಒಳ್ಳೆಯ ಮಾದರಿಗಳಲ್ಲಿ ನಡುವಿನ ಭಾಗವನ್ನು ತುಸು ತಗ್ಗಿಸಿ ಬೆರಳುಗಳಿಗೆ ಹಿಡಿತ ಒದಗಿಸಿರುತ್ತಾರೆ, ಪ್ಲಾಸ್ಟಿಕ್ಕನ್ನೂ ಮೃದುವಾಗಿರಿಸುತ್ತಾರೆ. ಆದ್ದರಿಂದ ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ಒಂದು ಕೈಯಲ್ಲಿ, ಅದರಲ್ಲೂ ನೀವು ಸವಾರಿಯ ವೇಳೆ ಬಾಟಲಿಗೆ ಬಳಸುವ ಕೈಯಲ್ಲಿ, ಹಿಂಡಿ ನೋಡುವುದು ಒಳ್ಳೆಯದು.

ಸ್ಟೀಲಿನ ವ್ಯಾಕ್ಯೂಮ್ ಬಾಟಲಿಯನ್ನು ಸೈಕಲ್ಲಿಗೆ ಶಿಫಾರಸು ಮಾಡುವವರಿದ್ದಾರೆ, ನಾನು ಮಾಡಲಾರೆ. ತಂಪನ್ನು ಉಳಿಸುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಬೆಳಿಗ್ಗೆ ಹಾಕಿದ ಐಸ್ ಮಧ್ಯಾಹ್ನವೂ ಒಳಗೆ ಸದ್ದು ಮಾಡುತ್ತಿರುತ್ತದೆ. ಆದರೆ ಅದನ್ನು ಹಿಂಡಲಾಗದು. ಕುಡಿಯಬೇಕಾದರೆ ಬಾಟಲಿಯನ್ನು ಮೇಲೆತ್ತಿ ತಲೆಯನ್ನು ಹಿಂದಕ್ಕೆ ಬಾಗಿಸಬೇಕು. ಅಷ್ಟು ಹೊತ್ತು ಕಣ್ಣಿನ ಮುಂದೆ ರಸ್ತೆಯ ಬದಲು ಆಕಾಶವಿರುತ್ತದೆ. ಚಲಿಸುವ ಸೈಕಲ್ಲಿನ ಮೇಲೆ ಇದು ಅಪಾಯ. ಅಪಾಯವೆಂದು ನಿಂತು ಕುಡಿಯಲು ಹೊರಟರೆ, ನಿಲ್ಲುವ ಸೋಮಾರಿತನದಿಂದಲೇ ಕುಡಿಯುವುದು ಕಡಿಮೆಯಾಗುತ್ತದೆ. ಇದರ ಮೇಲೆ ಪ್ಲಾಸ್ಟಿಕ್ ಬಾಟಲಿಯ ಎರಡು ಮೂರು ಪಟ್ಟು ತೂಕ, ಅಲ್ಯೂಮಿನಿಯಂ ಕೇಜಿನಲ್ಲಿ ಎಡೆಬಿಡದ ಲಟಲಟ ಸದ್ದು, ಗುಂಡಿಗೆ ಇಳಿದಾಗ ಕೇಜಿನಿಂದ ಹಾರಿ ಹಿಂದಿನ ಸವಾರನ ಚಕ್ರಕ್ಕೆ ಸಿಗುವ ಸಾಧ್ಯತೆ. ಮೇಜಿನ ಮೇಲಿಡುವುದಕ್ಕೆ ಅದು ಒಳ್ಳೆಯ ಬಾಟಲಿ.

ಬೆನ್ನಿನ ನೀರಿನ ಚೀಲದ ಹುಟ್ಟೇ ಬಿಸಿಲಿನ ಸೈಕಲ್ ಸವಾರಿಯಿಂದ ಆದದ್ದು ಎಂಬುದು ಕುತೂಹಲದ ಸಂಗತಿ. ಅಮೆರಿಕದ ಟೆಕ್ಸಾಸ್ ರಾಜ್ಯದ ವಿಚಿಟಾ ಫಾಲ್ಸ್ ಎಂಬಲ್ಲಿ 1982ರಿಂದ ಆಗಸ್ಟ್ ತಿಂಗಳ ಬೇಗೆಯಲ್ಲಿ ‘ಹಾಟರ್ ಎನ್ ಹೆಲ್ ಹಂಡ್ರೆಡ್’ ಎಂಬ ನೂರು ಮೈಲಿಗಳ ಸವಾರಿ ನಡೆಯುತ್ತಿದೆ. 1980ರ ದಶಕದ ಕೊನೆಯಲ್ಲಿ ಅದರಲ್ಲಿ ಪಾಲ್ಗೊಂಡ ಮೈಕಲ್ ಐಡ್ಸನ್ ಎಂಬ ಆಂಬುಲೆನ್ಸ್ ಸೇವೆಯ ಸಿಬ್ಬಂದಿ, ರೋಗಿಗಳಿಗೆ ಸಲೈನ್ ಕೊಡುವ ಚೀಲಕ್ಕೆ ನೀರು ತುಂಬಿಸಿ, ಅದನ್ನು ಉದ್ದನೆಯ ಕಾಲುಚೀಲದೊಳಗೆ ಇಳಿಸಿ ಅಂಗಿಯ ಬೆನ್ನಿಗೆ ಸಿಕ್ಕಿಸಿಕೊಂಡು, ಅದರ ಕೊಳವೆಯನ್ನು ಹೆಗಲ ಮೇಲಿಂದ ಮುಂದಕ್ಕೆ ತಂದುಕೊಂಡು ಓಡಿಸಿದ. ಅದರಿಂದಲೇ ಕ್ಯಾಮಲ್‌ಬ್ಯಾಕ್ ಎಂಬ ಕಂಪನಿ ಬೆಳೆಯಿತು. ಕೈ ಬಿಡದೆ ಕುಡಿಯುವ ಅನುಕೂಲದಲ್ಲಿ ಈ ಚೀಲವನ್ನು ಮೀರಿಸಿದ್ದು ಇಂದಿಗೂ ಇಲ್ಲ. ಕಲ್ಲುಮುಳ್ಳಿನ ಕಾಡುದಾರಿಯಲ್ಲಿ ಹ್ಯಾಂಡಲಿನಿಂದ ಒಂದು ಕೈಯನ್ನೂ ತೆಗೆಯಲಾಗದವರಿಗೂ, ಗಂಟೆಗಟ್ಟಲೆ ನೀರು ಸಿಗದ ದಾರಿಯಲ್ಲಿ ಹೋಗುವವರಿಗೂ ಇದೇ ಸರಿಯಾದ ಆಯ್ಕೆ.

ಡಾಂಬರು ರಸ್ತೆಯ ಬೇಸಿಗೆ ಸವಾರಿಗೆ ಮಾತ್ರ ನಾನು ಇದನ್ನು ಒಪ್ಪುವುದಿಲ್ಲ. ಮೇಲೆ ಹೇಳಿದ ಲೆಕ್ಕವನ್ನು ನೆನಪಿಸಿಕೊಂಡರೆ ಕಾರಣ ತಾನಾಗಿಯೇ ತಿಳಿಯುತ್ತದೆ. ಮೈ ತಣಿಯುವುದು ಬೆವರು ಆವಿಯಾದಾಗ. ಬೆನ್ನು ಎಂದರೆ ಬೆವರು ಆವಿಯಾಗಲು ದೇಹದಲ್ಲಿರುವ ಅತಿ ವಿಶಾಲವಾದ ಜಾಗಗಳಲ್ಲೊಂದು. ಅದನ್ನು ಚೀಲದಿಂದ ಮುಚ್ಚಿದರೆ ಅಲ್ಲಿನ ಬೆವರು ಆವಿಯಾಗದೆ ಸೊಂಟದವರೆಗೆ ಹರಿದು ತೊಟ್ಟಿಕ್ಕುತ್ತದೆ. ತೊಟ್ಟಿಕ್ಕಿದ ಬೆವರಿನಿಂದ ನೀರು ಮತ್ತು ಉಪ್ಪು ನಷ್ಟವಾಗುತ್ತದೆಯೇ ಹೊರತು ಮೈ ತಣಿಯುವುದಿಲ್ಲ. ಎರಡು ಲೀಟರ್ ನೀರೆಂದರೆ ಬೆನ್ನಿನ ಮೇಲೆ ಎರಡು ಕಿಲೋ ಭಾರ ಬೇರೆ. ಬೆನ್ನಿಗೂ ಚೀಲಕ್ಕೂ ನಡುವೆ ಜಾಲರಿ ಇಟ್ಟ ಮಾದರಿಗಳು ಸ್ವಲ್ಪ ವಾಸಿ, ಆದರೆ ತೆರೆದ ಬೆನ್ನಿಗೆ ಅವು ಸಮವಲ್ಲ. ಇನ್ನೊಂದು ಸಣ್ಣ ಕಿರಿಕಿರಿ ಕೊಳವೆಯದು. ಚೀಲದಲ್ಲಿ ನೀರು ತಣ್ಣಗಿದ್ದರೂ ಹೆಗಲ ಮೇಲೆ ಬಿಸಿಲಿಗೆ ಮೈಯೊಡ್ಡಿದ ಕೊಳವೆಯಲ್ಲಿ ನಿಂತ ನೀರು ಕಾದಿರುತ್ತದೆ, ಪ್ರತಿ ಸಲವೂ ಮೊದಲ ಗುಟುಕು ಬಿಸಿಯಾಗಿಯೇ ಬರುತ್ತದೆ. ಕುಡಿದ ಮೇಲೆ ಒಮ್ಮೆ ಊದಿ ಕೊಳವೆಯ ನೀರನ್ನು ಚೀಲಕ್ಕೆ ಹಿಂದಿರುಗಿಸುವುದು ಅನುಭವಿಗಳ ಉಪಾಯ.

ನೀರನ್ನು ಮೈಮೇಲೆ ಸುರಿದುಕೊಳ್ಳುವ ವಿಷಯಕ್ಕೆ ಬಾಟಲಿಯ ವಿಮರ್ಶೆಗಳು ಸಾಮಾನ್ಯವಾಗಿ ಬರುವುದೇ ಇಲ್ಲ, ನನಗೆ ಇದು ಸರಿ ಕಾಣುವುದಿಲ್ಲ. ಎರಡು ಬಾಟಲಿ ಇಟ್ಟುಕೊಳ್ಳುವ ಸವಾರ ಒಂದರಲ್ಲಿ ಉಪ್ಪು-ಸಕ್ಕರೆ ಬೆರೆತ ಪಾನೀಯವನ್ನೂ ಇನ್ನೊಂದರಲ್ಲಿ ಬರೀ ನೀರನ್ನೂ ತುಂಬಿಸಿಕೊಳ್ಳಬೇಕೆಂದು ನಾನು ಹೇಳುವುದು ಇದಕ್ಕಾಗಿಯೇ. ಬರೀ ನೀರಿನ ಬಾಟಲಿ ಬಾಯಿಗೂ ಆಗುತ್ತದೆ, ಹೆಲ್ಮೆಟ್ಟಿನ ಕಿಂಡಿಯಿಂದ ನೆತ್ತಿಗೂ, ಕತ್ತಿನ ಹಿಂಭಾಗಕ್ಕೂ, ತೋಳುಗಳಿಗೂ ಆಗುತ್ತದೆ. ಪಾನೀಯದ ಬಾಟಲಿಯನ್ನು ತಲೆಗೆ ಸುರಿದುಕೊಂಡವರ ಕಥೆಯನ್ನು ಇರುವೆಗಳು ಹೇಳಬೇಕು. ಸುರಿಯುವ ನೀರು ತಂಪಾಗಿರಬೇಕಾಗಿಲ್ಲ, ಏಕೆಂದರೆ ತಣಿಸುವುದು ಅದರ ಆವಿಯಾಗುವಿಕೆಯೇ. ಆದ್ದರಿಂದ ಇನ್ಸುಲೇಟೆಡ್ ಬಾಟಲಿಯನ್ನು ಪಾನೀಯಕ್ಕೆ, ಸಾದಾ ಬಾಟಲಿಯನ್ನು ಬರೀ ನೀರಿಗೆ ಮೀಸಲಿಡುವುದು ನನ್ನ ದೃಷ್ಟಿಯಲ್ಲಿ ಅತ್ಯುತ್ತಮ ಜೋಡಿ. ಉದ್ದನೆಯ ಏರು ಶುರುವಾಗುವ ಮುಂಚೆಯೇ ಮೈ ಒದ್ದೆ ಮಾಡಿಕೊಳ್ಳುವುದು ಲೇಸು. ಏರಿನಲ್ಲಿ ವೇಗ ಕುಸಿದು ಎದುರುಗಾಳಿ ಸತ್ತುಹೋಗಿರುತ್ತದೆ, ಶ್ರಮ ಮಾತ್ರ ಗರಿಷ್ಠ ಮಟ್ಟದಲ್ಲಿರುತ್ತದೆ.

ಇದೇ ತತ್ತ್ವವನ್ನು ಸಾದಾ ಬಾಟಲಿಗೂ ಹಚ್ಚಬಹುದು. ಹಳೆಯ ಹತ್ತಿಯ ಕಾಲುಚೀಲವೊಂದನ್ನು ಬಾಟಲಿಗೆ ತೊಡಿಸಿ, ಆಗಾಗ ನೀರು ಚಿಮುಕಿಸಿ ಒದ್ದೆಯಾಗಿಟ್ಟರೆ, ಓಡುವ ಸೈಕಲ್ಲಿನ ಗಾಳಿಗೆ ಆ ನೀರು ಆವಿಯಾಗುತ್ತ ಬಾಟಲಿಯನ್ನು ತಣಿಸುತ್ತದೆ. ಒಣಹವೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಹೊರಗೆ 38 ಡಿಗ್ರಿ ಬಿಸಿಲಿದ್ದು ಗಾಳಿಯ ತೇವಾಂಶ ಶೇ 25ರಷ್ಟಿದ್ದರೆ ಒದ್ದೆ ಬಟ್ಟೆ ಇಳಿಯಬಲ್ಲ ಕನಿಷ್ಠ ಉಷ್ಣತೆ ಸುಮಾರು 23 ಡಿಗ್ರಿ. ಬಾಟಲಿ ಬಿಸಿಲಿನಲ್ಲಿ ಇರುವುದರಿಂದ ಅಷ್ಟಕ್ಕೇ ಇಳಿಯದಿದ್ದರೂ ಕುಡಿಯಲು ಹಿತವೆನಿಸುವ ಮಟ್ಟಕ್ಕೆ ಬರುತ್ತದೆ. ಜಿಗುಟು ಸೆಕೆಯ ದಿನ, 35 ಡಿಗ್ರಿ ಬಿಸಿಲು ಮತ್ತು ಶೇ 75 ತೇವಾಂಶವಿದ್ದಾಗ, ಈ ಮಿತಿ 31 ಡಿಗ್ರಿಯ ಹತ್ತಿರವೇ ನಿಂತುಬಿಡುತ್ತದೆ. ಆಗ ಒದ್ದೆ ಕಾಲುಚೀಲ ಬರೀ ಒದ್ದೆ ಕಾಲುಚೀಲವಷ್ಟೆ. ಹಾಗಾಗಿ ಒಣಬಿಸಿಲಿನಲ್ಲಿ ದಿನವಿಡೀ ತುಳಿಯುವವರಿಗೆ ಇದು ಇನ್ಸುಲೇಟೆಡ್ ಬಾಟಲಿಗಿಂತ ಮೇಲು. ತೇವಾಂಶ ಹೆಚ್ಚಿರುವಲ್ಲಿ ಐಸ್ ಹಾಕಿದ ಎರಡು ಗೋಡೆಯ ಬಾಟಲಿಗೇ ಅಂಕ. ಇಂಥ ಜಿಗುಟು ಹವೆಯಲ್ಲಿ ಮೈಯ ಬೆವರೂ ಸರಿಯಾಗಿ ಆವಿಯಾಗುವುದಿಲ್ಲವಾದ್ದರಿಂದ ಯಾವ ಬಾಟಲಿಯನ್ನು ನಂಬಿಯೂ ವೇಗವಾಗಿ ತುಳಿಯಬಾರದು. ಬಿಸಿಲಿನಲ್ಲಿ ಚಳಿ ಹುಟ್ಟಿದರೆ, ಮಾತು ತಡವರಿಸಿದರೆ, ದಿಕ್ಕು ತೋಚದಂತಾದರೆ ನೆರಳು ಹುಡುಕಿ ನಿಂತು ಮೈಗೆ ನೀರು ಸುರಿದು ನೆರವು ಕೇಳಬೇಕು. ದೇಹದ ಒಳಗಿನ ಉಷ್ಣತೆ 40 ಡಿಗ್ರಿ ದಾಟಿದ ಉಷ್ಣಾಘಾತ ಪ್ರಾಣಕ್ಕೇ ಕುತ್ತು ತರುತ್ತದೆ.

ಎಷ್ಟು ನೀರು ಒಯ್ಯಬೇಕೆಂಬುದಕ್ಕೆ ಬಾಟಲಿಯ ಮೇಲಿನ ಗೆರೆಗಳಿಗಿಂತ ಮನೆಯ ತೂಕದ ಯಂತ್ರವೇ ಒಳ್ಳೆಯ ಉತ್ತರ ಕೊಡುತ್ತದೆ. ಸವಾರಿಗೆ ಮುಂಚೆ ಮತ್ತು ಆಮೇಲೆ ತೂಗಿ, ಕಡಿಮೆಯಾದ ಕಿಲೋಗಳಿಗೆ ದಾರಿಯಲ್ಲಿ ಕುಡಿದ ಲೀಟರುಗಳನ್ನು ಸೇರಿಸಿದರೆ ಹೋದ ಬೆವರಿನ ಪ್ರಮಾಣ ಸುಮಾರಾಗಿ ಸಿಗುತ್ತದೆ. ದೇಹತೂಕದ ಶೇ 2ಕ್ಕಿಂತ ಹೆಚ್ಚು ಇಳಿಯದಂತೆ ನೋಡಿಕೊಳ್ಳುವುದು ರೂಢಿಯಲ್ಲಿರುವ ಸಲಹೆ. ಬೆವರಿದ್ದಕ್ಕಿಂತ ಹೆಚ್ಚು ಬರೀ ನೀರನ್ನು ಗಂಟೆಗಟ್ಟಲೆ ಕುಡಿಯುತ್ತ ಹೋದರೆ ರಕ್ತದ ಸೋಡಿಯಂ ಕುಸಿದು ಅದೂ ಅಪಾಯಕ್ಕೆ ದಾರಿಯಾಗುತ್ತದೆ.

ಇನ್ಸುಲೇಟೆಡ್ ಬಾಟಲಿಯ ಅಳತೆಯ ಬಗ್ಗೆ ಒಂದು ಎಚ್ಚರಿಕೆ. ಕೇಜುಗಳೆಲ್ಲ ಸುಮಾರು 73-74 ಮಿಲಿಮೀಟರ್ ವ್ಯಾಸದ ಬಾಟಲಿಗೆಂದು ಮಾಡಿದವು. ಹೊರಗಿನ ಅಳತೆ ಬದಲಾಗುವಂತಿಲ್ಲದ ಕಾರಣ ಎರಡನೆಯ ಗೋಡೆ ಒಳಗಿನ ಜಾಗವನ್ನೇ ಕಬಳಿಸುತ್ತದೆ. ಅದನ್ನು ಸರಿದೂಗಿಸಲು ಬಾಟಲಿಯನ್ನು ಎತ್ತರ ಮಾಡುತ್ತಾರೆ. ಸಣ್ಣ ಫ್ರೇಮಿನ ಸೈಕಲ್ಲಿನಲ್ಲಿ ಈ ಎತ್ತರದ ಬಾಟಲಿ ಫ್ರೇಮಿನ ಮೇಲ್ಭಾಗದ ಅಡ್ಡ ಕೊಳವೆಗೆ ತಾಗಿ ಹೊರಬರಲು ತಕರಾರು ಮಾಡುತ್ತದೆ. ಪಕ್ಕದಿಂದ ಎಳೆಯುವ ಕೇಜ್ ಹಾಕಿಸಿದರೆ ತೊಂದರೆ ತಪ್ಪುತ್ತದೆ. ಬಣ್ಣದ ಆಯ್ಕೆಯಲ್ಲಿ ಕಪ್ಪನ್ನು ಬಿಟ್ಟುಬಿಡಿ.

ಕೊನೆಯದಾಗಿ ಶುಚಿತ್ವ. ಸಕ್ಕರೆಯ ಪಾನೀಯ ಹಾಕಿದ ಬಾಟಲಿಯನ್ನು ಬೇಸಿಗೆಯಲ್ಲಿ ಒಂದು ರಾತ್ರಿ ತೊಳೆಯದೆ ಬಿಟ್ಟರೆ ಮರುದಿನ ಮುಚ್ಚಳ ತೆರೆದೊಡನೆ ಮೂಗಿಗೆ ಸುದ್ದಿ ತಲುಪುತ್ತದೆ. ಬಾಟಲಿಯ ಒಡಲನ್ನು ಎಲ್ಲರೂ ತೊಳೆಯುತ್ತಾರೆ, ಬೂಷ್ಟು ಕೂರುವುದು ಮಾತ್ರ ವಾಲ್ವಿನೊಳಗೆ. ಸಿಲಿಕೋನ್ ಪೊರೆಯನ್ನು ಬೆಳಕಿಗೆ ಹಿಡಿದು ಸೀಳನ್ನು ಬೆರಳಿನಿಂದ ಬಿಡಿಸಿ ನೋಡಿದರೆ, ಅಂಚಿನ ಮಡಿಕೆಯಲ್ಲಿ ಸಾಸಿವೆಗಿಂತ ಸಣ್ಣ ಕರಿಚುಕ್ಕೆಗಳು ಕಾಣುತ್ತವೆ. ಚುಕ್ಕೆ ಒಮ್ಮೆ ಸಿಲಿಕೋನಿನೊಳಕ್ಕೆ ಇಳಿದರೆ ಉಜ್ಜಿದರೂ ಹೋಗುವುದಿಲ್ಲ. ಆದ್ದರಿಂದ ವಾಲ್ವನ್ನು ಬಿಡಿಭಾಗಗಳಾಗಿ ಕಳಚಲು ಬರುವ ಮಾದರಿಯನ್ನೇ ಆರಿಸಿ, ಪ್ರತಿ ಸವಾರಿಯ ನಂತರ ಕಳಚಿ ಸಣ್ಣ ಬ್ರಷ್ಷಿನಿಂದ ತೊಳೆದು ಮುಚ್ಚಳ ಹಾಕದೆ ಒಣಗಿಸಬೇಕು. ಕುದಿಯುವ ನೀರು ಹಾಕಿದರೆ ಎರಡು ಗೋಡೆಗಳ ಬೆಸುಗೆ ಬಿಟ್ಟು ನೀರು ನಡುವಿನ ಜಾಗಕ್ಕೆ ಇಳಿಯಬಹುದು. ಅಲ್ಲಿಗೆ ಇಳಿದ ನೀರನ್ನು ಹೊರತೆಗೆಯುವ ದಾರಿಯಿಲ್ಲ, ಆ ಬಾಟಲಿಯ ಆಯುಸ್ಸು ಅಲ್ಲಿಗೆ ಮುಗಿಯಿತು. ವಾಲ್ವ್ ಹಾಗಲ್ಲ, ಅದು ಬಾಟಲಿಗಿಂತ ಮೊದಲೇ ಸವೆಯುವ, ಬದಲಿಸಬಹುದಾದ ಭಾಗ. ಹಣ ಕೊಡುವ ಮುನ್ನ ಆ ಮಾದರಿಯ ವಾಲ್ವ್ ಮತ್ತು ಮುಚ್ಚಳ ಬಿಡಿಯಾಗಿ ಸಿಗುತ್ತವೆಯೇ ಎಂದು ಅಂಗಡಿಯವರನ್ನು ಕೇಳಿ. ಸಿಗುವುದಿಲ್ಲ ಎಂದರೆ ಅದೇ ಸಾಲಿನಲ್ಲಿರುವ ಬೇರೆ ಬಾಟಲಿಯನ್ನು ನೋಡಿ.